ಭಾಗ್ಯಮ್ಮ ಕಿತ್ತು ಚುಚ್ಚಿದ ಕೇಬಲ್ಲು

ಮೇಷ್ಟ್ರೇ,

ಮೊದಲೇ ಹೇಳಿಬಿಡ್ತೀನಿ, ಇದು ನಿಮ್ಮನ್ನು ಹೊಗಳೋಕೆ ಬರೆದ ಕಾಗದ ಅಲ್ಲ. ಹಾಸನದ ನಿಮ್ಮ ರಿಪೇರಿ ಅಂಗಡಿಯಲ್ಲಿ ಈಗ ನಿಮ್ಮ ಕುರ್ಚಿಯಲ್ಲಿ ನಾನೇ ಕೂರುತ್ತಿದ್ದೇನೆ. ನಿಮ್ಮ ತಪ್ಪಿಗೂ ನಾನೇ ವಾರಸುದಾರ.

"ಕರೆಂಟ್ ಇದ್ದಾಗ ಕೇಬಲ್ ಮುಟ್ಟುದ್ರೆ ಕೈ ಮುರೀತೀನಿ ಕಣ್ಲಾ" ಎಂದು ನಾನು ಕೆಲಸಕ್ಕೆ ಸೇರಿದ ದಿನವೇ ಗದರಿದ್ದಿರಿ. ಮೊದಲು ಸ್ವಿಚ್ ಆಫ್, ಆಮೇಲೆ ಕೇಬಲ್. ಅಂಗಡಿಯಲ್ಲಿ ಅದು ಸರಿ. ಹೊಳೆನರಸೀಪುರದ ಕಡೆಯ ಆ ಹಳ್ಳಿ ಡೈರಿಯಲ್ಲಿ?

ನೆನಪಿದೆಯಾ, ಅಲ್ಲಿ ಹಾಲಿನ ಫ್ಯಾಟ್ ನೋಡುವ ಮಷೀನಿನಿಂದ ಕಂಪ್ಯೂಟರಿಗೆ ಅಂಕಿ ಕಳಿಸುವ ಪುಟ್ಟ ಬೋರ್ಡನ್ನು ನೀವೇ ಕೈಯಾರೆ ಮಾಡಿಕೊಟ್ಟಿದ್ದಿರಿ. ಮೂರು ಸಲ ಅದರ ಚಿಪ್ಪು ಸುಟ್ಟಿತು. ಮೂರನೇ ಸಲ ನಿಮಗೆ ರೇಗಿಹೋಯಿತು. ಮಷೀನ್ ನೋಡಿಕೊಳ್ಳುವ ಭಾಗ್ಯಮ್ಮ ಕರೆಂಟ್ ಇರುವಾಗಲೇ ಕೇಬಲ್ ಕಿತ್ತು ಚುಚ್ಚಿದ್ದಾರೆ, ತಪ್ಪು ಅವರದ್ದೇ ಎಂದು ಎಲ್ಲರೆದುರು ಅಂದಿರಿ. ಪಕ್ಕದಲ್ಲಿದ್ದ ನಾನೂ ತಲೆಯಾಡಿಸಿದೆ. ಮಾರನೆಯ ದಿನದಿಂದ ಅವರನ್ನು ಕ್ಯಾನ್ ತೊಳೆಯಲು ಹಾಕಿದರು.

ನೀವು ಹೋದ ಮೇಲೆ ಅದೇ ಡೈರಿಯಿಂದ ಮತ್ತೆ ಫೋನ್ ಬಂತು. ಈ ಸಲ ಚಿಪ್ಪು ಸುಟ್ಟಿದ್ದು ಭಾಗ್ಯಮ್ಮನ ಜಾಗದಲ್ಲಿ ಕೂತಿದ್ದ ಡೈರಿ ಸೆಕ್ರೆಟರಿಯ ಕೈಯಲ್ಲಿ! ಬೇರೆ ಚಿಪ್ಪು ಹಾಕಿ, ಬೆಳಗ್ಗೆ ಹಾಲು ಅಳೆಯುವ ಹೊತ್ತಿಗೆ ಅಲ್ಲೇ ನಿಂತು ನೋಡಿದೆ. ಆಗಾಗ ಅಂಕಿ ನಿಂತುಹೋಗುತ್ತದೆ, ಕೇಬಲ್ ಕಿತ್ತು ಚುಚ್ಚಿದರೆ ಬರುತ್ತದೆ. ಆಫ್ ಮಾಡಿದರೆ ಮಷೀನ್ ಮತ್ತೆ ಬಿಸಿಯಾಗುವ ತನಕ ಕಾಯಬೇಕು. ಹೊರಗೆ ಬೀದಿ ತುಂಬ ಸಾಲು.

"ಆಫ್ ಮಾಡ್ಕಂಡ್ ಕುಂತ್ರೆ ಆಲು ಕೆಟ್ಟೋಗಾಕಿಲ್ವಾ ಸಾ?" ಎಂದರು ಸೆಕ್ರೆಟರಿ. ಯಾಕೆ ಆಫ್ ಮಾಡಲ್ಲ ಅಂತ ನಾವು ಭಾಗ್ಯಮ್ಮನನ್ನು ಯಾವತ್ತಾದರೂ ಕೇಳಿದ್ದೆವಾ? ನನಗೆ ನಾಚಿಕೆಯಾಯಿತು ಮೇಷ್ಟ್ರೇ.

ಮೀಟರ್ ಹಿಡಿದೆ. ಮಷೀನು ಒಂದು ಗೋಡೆಯ ಸಾಕೆಟ್ಟಿನಲ್ಲಿ, ಕಂಪ್ಯೂಟರು ಇನ್ನೊಂದು ಗೋಡೆಯದ್ದರಲ್ಲಿ, ಎರಡರ ಅರ್ತಿಂಗ್ ನಡುವೆಯೇ ಇರಬಾರದ ವೋಲ್ಟೇಜು! ಕೇಬಲ್ ಚುಚ್ಚಿದ ಕ್ಷಣ ಅಷ್ಟೂ ಚಿಪ್ಪಿಗೆ ನುಗ್ಗುತ್ತಿತ್ತು. ತಡೆಯೋಕೆ ನಿಮ್ಮ ಬೋರ್ಡಿನಲ್ಲಿ ಏನಿತ್ತು ಹೇಳಿ? ಎಲ್ಲರೂ ಆಫ್ ಮಾಡಿಯೇ ಮುಟ್ಟುತ್ತಾರೆ ಅನ್ನೋ ನಿಮ್ಮ ನಂಬಿಕೆ ಬಿಟ್ಟರೆ...

ಅರ್ತಿಂಗ್ ಸರಿಮಾಡಿಸಿ ಹೊಸ ಬೋರ್ಡು ಕಟ್ಟಿದೆ. ವೋಲ್ಟೇಜು ಏರಿದರೆ ಅರ್ತಿಂಗ್‌ಗೆ ಇಳಿಸೋಕೆ ಒಂದು ಡಯೋಡು. ಕರೆಂಟು ಹೆಚ್ಚಾದರೆ ತಡೆದು, ತಣ್ಣಗಾದ ಮೇಲೆ ತಾನೇ ಸರಿಹೋಗುವ ಒಂದು ಫ್ಯೂಸು. ಕಡಲೆಕಾಳಿನಷ್ಟೂ ಇಲ್ಲ ಅವು.

ಭಾಗ್ಯಮ್ಮನನ್ನು ಕರೆಸಿ, ಎಲ್ಲರೆದುರೇ ಕಿತ್ತು ಚುಚ್ಚಿ ಅಂದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡರು, ಮುಟ್ಟಲಿಲ್ಲ. "ಬ್ಯಾಡ ಕಣಪ್ಪ. ಮತ್ತೆ ನನ್ ತಲೆಗೇ ಕಟ್ಟೀರಿ."

"ಇಲ್ಲಕ್ಕ. ಅವತ್ತೂ ತಪ್ಪು ನಮ್ಮದೇ" ಅಂದೆ. ಆಮೇಲೆ ಹತ್ತು ಸಲ ಕಿತ್ತರು, ಹತ್ತು ಸಲ ಚುಚ್ಚಿದರು. ಚುಚ್ಚಿದಾಗಲೆಲ್ಲ ಅಂಕಿ ಬಂತು. ಸೆಕ್ರೆಟರಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಈಗ ಮಷೀನ್ ಮುಂದೆ ಮತ್ತೆ ಭಾಗ್ಯಮ್ಮನೇ ಕೂರುತ್ತಾರೆ.

ನಾನು ಹೊರಡುವಾಗ ಬಾಗಿಲ ತನಕ ಬಂದರು. "ನಿಮ್ ಮೇಷ್ಟ್ರು ಬದುಕಿದ್ದಾಗ್ಲೇ ಬಂದು ಈ ಮಾತ ಯೋಳಿದ್ರೆ ಆಗ್ತಿತ್ತು ಕಣಪ್ಪ."

"ಗೊತ್ತಾಗಿದ್ದಿದ್ರೆ ಬಂದೇ ಬರ್ತಿದ್ರು ಅಕ್ಕ" ಅಂದೆ.

ಬರ್ತಿದ್ದಿರಿ ತಾನೇ?