ಹಸಿ ಗೋಡೆ

ಅಂತರಸಂತೆ
14-5-1998, ಗುರುವಾರ

ನಮ್ಮ ಯಜಮಾನರಿಗೆ, ನಿಮ್ಮ ಸುಧಾ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಸಿದ್ದಾಪುರದ ಕಡೆ ಆಗಲೇ ಮಳೆ ಹಿಡಿದಿದೆಯಂತೆ. ಎಸ್ಟೇಟಿನಲ್ಲಿ ಲೈನ್ ಮನೆ ಕಟ್ಟುವಾಗ ತಲೆಗೆ ಏನಾದರೂ ಹಾಕಿಕೊಳ್ಳಿ. ಹೇಳಿದ್ದು ಕೇಳುವ ಅಭ್ಯಾಸ ನಿಮಗಿಲ್ಲ, ಗೊತ್ತು. ಅನು ಚೆನ್ನಾಗಿದ್ದಾಳೆ. "ಅಪ್ಪ ಯಾವಾಗ್ ಬತ್ತದೆ" ಅಂತ ದಿನಾ ನನ್ನ ಪ್ರಾಣ ತಿನ್ನುತ್ತಾಳೆ.

ಮನೆಯ ವಿಷಯ. ಪಂಚಾಯಿತಿ ಮನೆ ಸಿಕ್ಕಿದವರೆಲ್ಲ ಸಿಮೆಂಟು, ಶೀಟು ಅನ್ನುತ್ತಿದ್ದಾಗ ನೀವೊಬ್ಬರೇ ಮಣ್ಣಿನ ಗೋಡೆ, ನಾಡಹೆಂಚು ಅಂತ ಹಠ ಹಿಡಿದಿರಿ. ಸುಳ್ಳು ಯಾಕೆ, ನನಗೂ ಅದೇ ಇಷ್ಟ. ನಂಜಣ್ಣನ ಶೀಟು ಮನೆಯಲ್ಲಿ ಮಧ್ಯಾಹ್ನ ಕೂತರೆ ಕಾದ ಹೆಂಚಿನ ಮೇಲೆ ಕೂತ ಹಾಗೆ. ನಮ್ಮ ಹೊಲದ ಮಣ್ಣು, ನಮ್ಮ ರಾಗಿ ಹುಲ್ಲು, ತುಳಿಯಲಿಕ್ಕೆ ನಮ್ಮ ಕಾಲು, ಯಾರ ಹಂಗೂ ಬೇಡ. ಆದರೆ ಮೊನ್ನೆ ಸೋಮವಾರ ಪಂಚಾಯಿತಿ ಇಂಜಿನಿಯರ್ ಬಂದು, ಸೊಂಟದೆತ್ತರದ ಗೋಡೆಯನ್ನು ಉಗುರಲ್ಲಿ ಗೀರಿ ನೋಡಿ, "ಬರೋ ಸೋಮವಾರಕ್ಕೆ ಬಾಗಿಲಿನ ಮೇಲಕ್ಕೆ ಬಂದಿರ್ಬೇಕಮ್ಮ, ಇಲ್ದಿದ್ರೆ ನಿಮ್ಮ ಮನೆ ಪಟ್ಟಿಯಲ್ಲಿ ಮುಂದಿನೋರಿಗೆ" ಅಂದುಬಿಟ್ಟರು. ಮಣ್ಣು ಒಣಗಬೇಕು ಸಾರ್ ಅಂದೆ. ಅದೆಲ್ಲ ನನಗೆ ಗೊತ್ತಿಲ್ಲ ಅಂದರು. ಆರು ವರ್ಷ ಕಾದು ಸಿಕ್ಕಿದ ಮನೆ ಕಣ್ರೀ!

ನಿಮಗೆ ಮಣ್ಣಿನ ಕೆಲಸ ಕಲಿಸಿದವರು ಅಂತ ನೀವು ಗೋಡೆ ಒಪ್ಪಿಸಿ ಹೋದದ್ದು ಕುಳ್ಳಯ್ಯ ಮಾವನಿಗೆ. ಅವರೋ, ಗೋಡೆಯ ಸುತ್ತ ಒಂದು ವರಸೆ ಮಣ್ಣು ಇಟ್ಟರೆ ಮೂರು ದಿನ ಗೋಡೆ ಮುಟ್ಟುವುದಿಲ್ಲ, ನೆರಳಲ್ಲಿ ಕೂತು ಬೀಡಿ ಸೇದುತ್ತಾರೆ. ಮಂಗಳವಾರ ನನಗೆ ತಡೆಯಲಾಗಲಿಲ್ಲ. ಕೈಲಾಗದಿದ್ದರೆ ಹೇಳಿ, ಬೇರೆಯವರನ್ನು ಕರೆಸುತ್ತೇನೆ ಅಂತ ಬಾಯಿಗೆ ಬಂದಂತೆ ಆಡಿದೆ. "ಒಣಗಕ್ಕೆ ಬುಡವ್ವ, ಮಣ್ಣು ನಮ್ ಮಾತು ಕೇಳಕಿಲ್ಲ" ಅಂದರು. ಕೇಳುವಷ್ಟು ತಾಳ್ಮೆ ನನಗೆಲ್ಲಿ? ನಾನೇ ಒಂದು ಉಂಡೆ ಎತ್ತಿ ಹಸಿ ವರಸೆಯ ಮೇಲೆ ಬಡಿದೆ. ಪಾಪ, ಬೀಡಿ ಆರಿಸಿ ಎದ್ದು ಬಂದರು. ಒಂದೇ ದಿನದಲ್ಲಿ ಎರಡು ವರಸೆ ಏರಿಸಿದರು.

ಮೇಸ್ತ್ರಿಯ ಕಾಲು ಹಿಡಿದಾದರೂ ರಜ ಕೇಳಿ ಬನ್ನಿ. ಸಿದ್ದಾಪುರಕ್ಕೆ ಹೊರಟಿರುವ ಮಾದೇವನ ಕೈಲಿ ಈ ಕಾಗದ ಕೊಡುತ್ತಿದ್ದೇನೆ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಅನು ಇಲ್ಲೇ ಪಕ್ಕದಲ್ಲಿ ನಿದ್ದೆ ಹೋಗಿದ್ದಾಳೆ.

ನಿಮ್ಮ
ಸುಧಾ

ತಾ.ಕ.: ಬಸ್ಸಿಗೆ ಹೊತ್ತಾಯಿತು ಅಂತ ಮಾದೇವ ಬಾಗಿಲಲ್ಲೇ ನಿಂತಿದ್ದಾನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಗೋಡೆ ಬಿತ್ತು ಕಣ್ರೀ, ಕುಳ್ಳಯ್ಯ ಮಾವನ ಕಾಲಿನ ಮೇಲೆ. ಮೂಳೆ ಮುರಿದಿದೆ, ಕೋಟೆಯ ತಾಲೂಕು ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ. "ಒಣಗಿದೆ ಅಂದುಕೊಂಡೆ, ತಪ್ಪು ನನ್ನದೇ" ಅಂತ ಮಾವ ಕೇಳಿದವರಿಗೆಲ್ಲ ಹೇಳುತ್ತಿದ್ದಾರೆ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಇವತ್ತು ಬೆಳಗ್ಗೆ ಅವರ ಹೆಂಡತಿ ಚಿಕ್ಕಬೀರಮ್ಮ ನಮಗೆ ಮುದ್ದೆ, ಸಾರು ತಂದುಕೊಟ್ಟು, "ನಮ್ ಮುದುಕನ್ನ ನಂಬಿ ನಿನ್ ಮನೆ ಓಯ್ತಲ್ಲವ್ವ" ಅಂತ ನನ್ನ ಕೈ ಹಿಡಿದು ಅತ್ತರು. ಮನೆ ಹೋದರೆ ಹೋಗಲಿ. ನೀವು ಬಂದು ನನ್ನನ್ನು ಅವರ ಮುಂದೆ ನಿಲ್ಲಿಸಿ. ಒಬ್ಬಳೇ ಹೋಗಿ ನಿಜ ಹೇಳಲು ನನ್ನಿಂದ ಆಗುತ್ತಿಲ್ಲ.