ಬಿಡ್ತಾರಂತೆ

ಅಪ್ಪಾ,

ಇವತ್ತು ಶಾಲೆಯ ಊಟದ ಹಾಲ್‌ನಲ್ಲಿ, ಗಡೀಪಾರಿನ ನೋಟಿಸ್ ಬಂದವರಿಗೆ ಉಚಿತ ಕಾನೂನು ಸಲಹೆ ಇತ್ತು. ವಕೀಲೆಯ ಮಾತನ್ನು ನಮ್ಮ ಭಾಷೆಯಲ್ಲಿ ಹೇಳುವ ಕೆಲಸ ನನ್ನದು. "ತಿಳಿಯದೆ ಸಹಿ ಹಾಕ್ಬೇಡಿ. ವಕೀಲರು ಬೇಕು ಅನ್ನಿ. ದುಭಾಷಿ ಕೇಳೋದು ನಿಮ್ಮ ಹಕ್ಕು, ಮನೆ ಮಕ್ಕಳ ಕೈಲಿ ಹೇಳಿಸ್ಬೇಡಿ." ಕೊನೆಯ ಮಾತನ್ನು ನಾನು ಎರಡು ಸಲ ಹೇಳಿದೆ. ವಕೀಲೆ ಒಂದೇ ಸಲ ಹೇಳಿದ್ದರು.

ನಿನ್ನನ್ನು ಹಿಡಿದ ದಿನ ವಲಸೆ ಕಚೇರಿಯಲ್ಲಿ ನಿನಗೆ ದುಭಾಷಿ ನಾನೇ, ಹದಿನಾಲ್ಕು ವರ್ಷದವಳು. ಅಧಿಕಾರಿ ಕಾಗದ ಮುಂದಿಟ್ಟು ಏನೋ ಅಂದ. ನಾನು ದೊಡ್ಡ ಜಾಣೆಯ ಹಾಗೆ, "ಸಹಿ ಹಾಕಿದ್ರೆ ಬಿಡ್ತಾರಂತೆ ಅಪ್ಪಾ" ಅಂದೆ. ಹೊಲಿಗೆಯ ಸೀಮೆಸುಣ್ಣ ಮೆತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ನೀನು ಸಹಿ ಹಾಕಿದೆ. ಬಿಟ್ಟರು ನಿಜ. ವಿಮಾನ ಹತ್ತಿಸಿ, ನಾವು ಬಿಟ್ಟುಬಂದ ದೇಶಕ್ಕೇ ಬಿಟ್ಟರು.

ಸಾಯುವವರೆಗೂ ನೀನು ಫೋನಿನಲ್ಲಿ ಅದನ್ನೇ ಹೇಳಿ ನಗುತ್ತಿದ್ದೆ. "ನೀ ಹೇಳಿದ್ರಲ್ಲಿ ತಪ್ಪೇನಿದೆ ಮಗಳೇ? ಬಿಟ್ರಲ್ಲ!" ಒಂದು ಸಲವಾದರೂ ಬೈಯಬಾರದಿತ್ತೇ?

ಸಭೆ ಮುಗಿದಾಗ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಕೇಳಿದರು, "ಸಹಿ ಹಾಕಿದ್ರೆ ಬಿಡ್ತಾರಂತಲ್ಲಮ್ಮಾ?"

"ಬಿಡ್ತಾರೆ ಅಜ್ಜಿ," ಅಂದೆ. "ಎಲ್ಲಿಗೆ ಅಂತ ಮೊದಲು ಕೇಳಿ."