ಸಂಜೆವರೆಗೂ ನೋಡು

ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ನಾಲ್ಕು ಸಾಲಿನ ಪತ್ರ ತಲುಪಿತ್ತು. ಪ್ರಶಸ್ತಿ ಬಂದದ್ದಕ್ಕೆ ಸಂತೋಷ, ಮೈ ಹುಷಾರಿಲ್ಲ, ಸಮಾರಂಭಕ್ಕೆ ಬರಲಾಗುವುದಿಲ್ಲ ಎಂದು ಬರೆದಿದ್ದೆ. ಹುಷಾರಿಲ್ಲ ಎನ್ನುವುದು ಸುಳ್ಳೆಂದು ನನಗೆ ಗೊತ್ತು. ನನಗೆ ಗೊತ್ತಾಗುತ್ತದೆ ಎಂದು ನಿನಗೂ ಗೊತ್ತು. ಹೋಗಲಿ ಬಿಡು. ಕೊನೆಯಲ್ಲಿ ‘ನಮ್ಮ ಇಲಿ ಡಾಕ್ಟ್ರಿಗೆ ಆಶೀರ್ವಾದ’ ಎಂದಿದ್ದನ್ನು ಓದಿ ಅತ್ತುಬಿಟ್ಟೆ. ನಮ್ಮ ಚಿಕ್ಕಮ್ಮ ಇಲಿಗಳಿಗೆ ಮಾತ್ರ ಸೂಜಿ ಚುಚ್ಚುವ ಡಾಕ್ಟ್ರು ಎಂದು ಬೀದಿಗೆಲ್ಲ ಸಾರಿಕೊಂಡು ಬಂದವನು ನಿನ್ನ ಮಗ ಗುಂಡನೇ ಅಲ್ಲವೇ?

ಸಮಾರಂಭ ಮುಗಿಯಿತು. ಫಲಕ ಕೊಟ್ಟರು, ಫೋಟೊ ತೆಗೆದರು. ರೋಗಾಣುವಿನ ವಿರುದ್ಧ ದೇಹ ಹೂಡುವ ಕಾದಾಟ ಕೆಲವೊಮ್ಮೆ ಅತಿಯಾಗಿ ದೇಹವನ್ನೇ ಕೊಲ್ಲುತ್ತದೆ. ಅದು ಯಾವ ಗಳಿಗೆಯಲ್ಲಿ ಕೈಮೀರುತ್ತದೆ ಎನ್ನುವುದನ್ನು ನಾನು ತೋರಿಸಿಕೊಟ್ಟಿದ್ದೇನಂತೆ. ಇಷ್ಟು ಚಿಕ್ಕ ವಯಸ್ಸಿಗೆ ಇದನ್ನೇ ಯಾಕೆ ಹಿಡಿದಿರಿ ಎಂದು ಅಧ್ಯಕ್ಷರು ವೇದಿಕೆಯ ಮೇಲೆಯೇ ಕೇಳಿದರು. ಕುತೂಹಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆರು ವರ್ಷದಿಂದ ನಾವಿಬ್ಬರೂ ಆಡದ ಮಾತನ್ನು ಇವತ್ತು ಬರೆಯುತ್ತೇನೆ. ಗುಂಡ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡ ಮೂರನೇ ದಿನ ಬೆಳಿಗ್ಗೆ ನೀನು ಫೋನ್ ಮಾಡಿದೆ. ಮೈ ಸುಡುತ್ತಿದೆ, ಏನೇನೋ ಬಡಬಡಿಸುತ್ತಿದ್ದಾನೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ನಾನು ಲ್ಯಾಬಿನಲ್ಲಿದ್ದೆ. ಫೋನನ್ನು ಭುಜಕ್ಕೆ ಒತ್ತಿಕೊಂಡು, ಪುಟ್ಟ ಗಾಜಿನ ತಟ್ಟೆಗಳಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಎಣಿಸುತ್ತಿದ್ದೆ. ಎಣಿಕೆ ತಪ್ಪೀತು ಎನ್ನುವ ಸಿಡುಕು ನನಗೆ.

“ಜ್ವರ ಬಂದ್ರೆ ಒಳ್ಳೇದೇ ಕಣಕ್ಕ, ಮೈ ಕಾದಾಡ್ತಿದೆ ಅಂತ ಅರ್ಥ. ಸಂಜೆವರೆಗೂ ನೋಡು,” ಎಂದೆ.

ನೀನು ನೋಡಿದೆ. ಓದಿದವಳು ಹೇಳಿದ್ದಾಳೆ ಎಂದು ನಂಬಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಸಂಜೆ ಆಸ್ಪತ್ರೆ ಸೇರುವಷ್ಟರಲ್ಲಿ ಗಾಯದ ನಂಜು ಮೈಗೆಲ್ಲ ಏರಿ ಅವನಿಗೆ ಪ್ರಜ್ಞೆ ಇರಲಿಲ್ಲ. ಮಾರನೇ ದಿನ ಮಧ್ಯಾಹ್ನ ಗುಂಡ ಹೋದ.

ಬೆಳಿಗ್ಗೆಯೇ ಯಾಕೆ ಕರೆತರಲಿಲ್ಲ ಎಂದು ಭಾವ ನಿನ್ನನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ನನ್ನ ಮುಖ ನೋಡಿ, “ನಂಗೆ ಗೊತ್ತಾಗ್ಲಿಲ್ಲ,” ಎಂದುಬಿಟ್ಟೆ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೆತ್ತವಳಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ನಿನ್ನ ಅತ್ತೆ ಅಂದರು, ನಮ್ಮಮ್ಮನೂ ಅಂದಳು. ಭಾವ ನಿನ್ನನ್ನು ಬಿಟ್ಟು ಬೇರೆ ಮನೆ ಮಾಡಿದರು. ನೀನು ಎಲ್ಲವನ್ನೂ ನುಂಗಿಕೊಂಡೆ, ನನ್ನ ಓದಿಗೆ ಕಲ್ಲು ಬೀಳಬಾರದೆಂದು.

ಬೆಳಿಗ್ಗೆಯೇ ಹೋಗಿದ್ದರೆ ಅವನು ಉಳಿಯುತ್ತಿದ್ದನೇ? ನನ್ನ ಸಂಶೋಧನೆಯೆಲ್ಲ ಇದೊಂದು ಪ್ರಶ್ನೆಯೇ. ನನ್ನ ತಪ್ಪಿಲ್ಲ ಎಂದು ಸಾಬೀತಾಗಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಹಾಗಾಗಲಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಔಷಧಿ ಬಿದ್ದರೆ ಹೆಚ್ಚಿನವು ಉಳಿಯುತ್ತವೆ. ಇದು ಇಲಿಗಳ ಮಾತು. ಗುಂಡನ ವಿಷಯ ಖಚಿತವಾಗಿ ಹೇಳಲಾರೆ. ಆದರೂ ಉಳಿಯುತ್ತಿದ್ದ ಎಂದೇ ನನಗೆ ಅನ್ನಿಸುತ್ತದೆ ಅಕ್ಕ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ ನಿನ್ನ
ತಂಗಿ

ವಿ.ಸೂ.: ಇದನ್ನೆಲ್ಲ ಭಾವನಿಗೂ ಬರೆದಿದ್ದೇನೆ. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಅದಕ್ಕೇ ಅವರಿಗೆ ಬರೆದ ಪತ್ರವನ್ನು ಮೊದಲು ಅಂಚೆ ಡಬ್ಬಿಗೆ ಹಾಕಿ ಬಂದು, ಆಮೇಲೆ ನಿನಗೆ ಬರೆಯಲು ಕೂತೆ.